ಪಾಂಟೂನ್: ದೋಣಿಯೋ, ಸೇತುವೆಯೋ, ಇಸ್ಪೀಟೋ?

ಪ್ರಶ್ನೆ: ಇಂಗ್ಲಿಷ್ ಪಾಠದಲ್ಲಿ, ವಿಮಾನವೊಂದು ತನ್ನ ಎರಡು ಪಾಂಟೂನ್‌ಗಳ ಮೇಲೆ ಸರೋವರಕ್ಕೆ ಇಳಿಯಿತು ಎಂಬ ವಾಕ್ಯವಿತ್ತು. ಮಗಳು ಕನ್ನಡಕ್ಕೆ ತರುವಾಗ ‘ಎರಡು ತೇಲುವ ಸೇತುವೆಗಳ ಮೇಲೆ’ ಎಂದು ಬರೆದಳು. ಅಂಕ ಹೋಯಿತು. ನಿಘಂಟಿನಲ್ಲಿ ಆ ಅರ್ಥ ಇದೆಯಲ್ಲ? – ಪೋಷಕರೊಬ್ಬರು, ಕುಣಿಗಲ್

ಪ್ರಶ್ನೆ: ಅದೇ ಪದಕ್ಕೆ ಇಸ್ಪೀಟಿನ ಆಟ ಎಂಬ ಅರ್ಥವೂ ಇದೆ. ದೋಣಿಗೂ ಇಸ್ಪೀಟಿಗೂ ಏನು ಸಂಬಂಧ? – ವಿದ್ಯಾರ್ಥಿ, ಗುಬ್ಬಿ

ಪ್ರಶ್ನೆ: ಇದಕ್ಕೆ ಕನ್ನಡದಲ್ಲಿ ಏನನ್ನಬಹುದು? – ವಿದ್ಯಾರ್ಥಿನಿ, ತುಮಕೂರು

ಉತ್ತರ: ಲ್ಯಾಟಿನ್ ಭಾಷೆಯಲ್ಲಿ ‘ಪೋನ್ಸ್’ ಎಂದರೆ ಸೇತುವೆ. ಅದರಿಂದ ಹುಟ್ಟಿದ ‘ಪೊಂಟೊ’ ಎಂಬುದಕ್ಕೆ ಚಪ್ಪಟೆ ತಳದ ದೋಣಿ ಎಂದರ್ಥ. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಪಾಂಟೂನ್ ಆಯಿತು. ಇಂಥ ದೋಣಿಗಳನ್ನು ಸಾಲಾಗಿ ಕಟ್ಟಿ ಮೇಲೆ ಹಲಗೆ ಹಾಸಿದರೆ ಪಾಂಟೂನ್ ಸೇತುವೆ. ಹಿಂದಿನಿಂದಲೂ ಸೈನ್ಯಗಳು ನದಿ ದಾಟಿರುವುದು ಹೀಗೆಯೇ. ಮುಂದೆ ದೋಣಿಯ ಜಾಗಕ್ಕೆ ಗಾಳಿಯಿರುವ, ಬಾಯಿ ಮುಚ್ಚಿದ ಲೋಹದ ಪೀಪಾಯಿಗಳು ಬಂದವು. ನೀರಿನ ಮೇಲೆ ಇಳಿಯುವ ವಿಮಾನದ ಅಡಿಯಲ್ಲಿರುವ ತೇಲುಗಳಿಗೂ ಇದೇ ಹೆಸರು. ಅಂದರೆ ಪಾಂಟೂನ್ ಎಂಬುದು ಮುಖ್ಯವಾಗಿ ಹೊರುವ ವಸ್ತು. ಅದರ ಮೇಲೆ ನಿಂತದ್ದು ಸೇತುವೆಯೂ ಆಗಬಹುದು, ವಿಮಾನವೂ ಆಗಬಹುದು. ಕುಣಿಗಲ್ಲಿನ ಹುಡುಗಿ ನಿಘಂಟನ್ನು ನೋಡಿದ್ದು ಸರಿ. ನಿಘಂಟಿನಿಂದ ಮತ್ತೆ ವಾಕ್ಯಕ್ಕೆ ಹಿಂದಿರುಗಲಿಲ್ಲ, ಅಷ್ಟೆ. ಇದಕ್ಕಾಗಿ ಅವಳನ್ನು ಗದರಿಸಬೇಕಾಗಿಲ್ಲ.

ಇಸ್ಪೀಟಿನ ಪಾಂಟೂನ್ ಬೇರೆಯೇ ಪದ. ಇಪ್ಪತ್ತೊಂದು ಅಂಕಗಳ ಆಟಕ್ಕೆ ಫ್ರೆಂಚರು ತಮ್ಮ ಭಾಷೆಯಲ್ಲಿ ಇಪ್ಪತ್ತೊಂದು ಎಂದೇ ಹೆಸರಿಟ್ಟರು: ‘ವ್ಯಾಂತೆಅಂ’. ಇಂಗ್ಲಿಷರ ಬಾಯಲ್ಲಿ ಅದು ಕೆಟ್ಟು ಪಾಂಟೂನ್ ಆಗಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ಕನ್ನಡದ ‘ಹರಿ’ಯನ್ನು ನೋಡಿ. ಹರಿ ಎಂದರೆ ವಿಷ್ಣು; ನೀರು ಹರಿಯುವುದೂ ಹರಿ. ರೂಪ ಒಂದೇ, ಹುಟ್ಟು ಬೇರೆ. ಆದರೆ ಮುಖದ ಕಣ್ಣು, ತೆಂಗಿನಕಾಯಿಯ ಕಣ್ಣು, ನವಿಲುಗರಿಯ ಕಣ್ಣು ಒಂದೇ ಪದದ ಕವಲುಗಳು. ದೊಡ್ಡ ನಿಘಂಟುಗಳು ಹುಟ್ಟು ಬೇರೆಯಾದ ಪದಗಳನ್ನು 1, 2 ಎಂದು ಸಣ್ಣ ಅಂಕಿ ಹಾಕಿ ಪ್ರತ್ಯೇಕವಾಗಿ ಕೊಡುತ್ತವೆ. ಕವಲುಗಳನ್ನು ಒಂದೇ ಪದದ ಕೆಳಗೆ ಕೊಡುತ್ತವೆ. ವಿದ್ಯಾರ್ಥಿಗಳು ಈ ಅಂಕಿಗಳನ್ನು ಗಮನಿಸಬೇಕು.

ಇನ್ನು ಕನ್ನಡ ಪದ. 2022ರ ಮೇ ತಿಂಗಳಲ್ಲಿ ಮಲ್ಪೆಯ ಕಡಲತೀರದಲ್ಲಿ ಬಂದದ್ದನ್ನು ಪತ್ರಿಕೆಗಳು ‘ತೇಲುವ ಸೇತುವೆ’ ಎಂದು ಕರೆದವು. ಸೇತುವೆಗೆ ಅದು ಚೆನ್ನಾಗಿ ಒಪ್ಪುತ್ತದೆ. 2025ರ ಪ್ರಯಾಗದ ಮಹಾಕುಂಭದಲ್ಲಿ ಗಂಗೆಯ ಮೇಲೆ ಹಾಕಿದ್ದ ಪಾಂಟೂನ್ ಸೇತುವೆಗಳಿಗೆ ಹಿಂದಿಯಲ್ಲಿ ‘ಪೀಪಾ ಪುಲ್’ ಎನ್ನುತ್ತಾರೆ. ಪೋರ್ಚುಗೀಸರ ‘ಪೀಪ’ ನಮ್ಮಲ್ಲಿಯೂ ಪೀಪಾಯಿಯಾಗಿ ಉಳಿದಿದೆ. ಆದ್ದರಿಂದ ‘ಪೀಪಾಯಿ ಸೇತುವೆ’ ಎಂದರೂ ತಪ್ಪಿಲ್ಲ. ವಿಮಾನದ ಪಾಂಟೂನ್‌ಗೆ ‘ತೇಲು’ ಸಾಕು.

ಇಲ್ಲಿ ಪೋಷಕರಿಗೂ ಒಂದು ಪಾಲಿದೆ. ಇಂಗ್ಲಿಷ್ ಬಾರದ ತಾಯಂದಿರು ಇಂಥ ಪದ ಬಂದಾಗ ಸುಮ್ಮನಾಗಿಬಿಡುತ್ತಾರೆ. ಆದರೆ ಚಾಮುಂಡಿ ಬೆಟ್ಟದ ದೇವಿಕೆರೆಯಲ್ಲೋ ಮೇಲುಕೋಟೆಯ ಕಲ್ಯಾಣಿಯಲ್ಲೋ ತೆಪ್ಪೋತ್ಸವ ಕಂಡವರು ಈ ವಸ್ತುವಿನ ಗುಟ್ಟನ್ನು ಬಲ್ಲರು. ಉತ್ಸವಮೂರ್ತಿ ಮೇಲಿರುತ್ತದೆ, ಭಾರವನ್ನೆಲ್ಲ ಹೊತ್ತು ತೇಲುವುದು ಕೆಳಗಿನ ತೆಪ್ಪ. ಮಗುವಿಗೆ ಇಷ್ಟು ಹೇಳಿದರೆ ಪಾಂಟೂನ್ ಮತ್ತೆ ಮರೆಯುವುದಿಲ್ಲ.