ಕ್ರಾಸಿಂದ ಮುಂದ ಎಲ್ಲಿಗ್ರಿ?

ಮೊನ್ನೆ ಹುಬ್ಬಳ್ಳಿಯಿಂದ ವಿಜಯಪುರದ ಬಸ್ಸಿನಲ್ಲಿ ಬರ್ತಿದ್ದೆ. ನವಲಗುಂದ ದಾಟಿದ ಮೇಲೆ ಪಕ್ಕದ ಸೀಟಿನ ಹಿರಿಯರು ಎಲೆ ಅಡಿಕೆ ಚೀಲ ಬಿಚ್ಚಿದರು. ನಮ್ಮ ಕಡೆ ಆ ಚೀಲ ಬಿಚ್ಚಿತು ಅಂದರೆ ಮಾತೂ ಬಿಚ್ಚಿತು ಅಂತಲೇ ಅರ್ಥ.

"ಯಾವೂರಿಗ್ರಿ?"

"ಕುಳಗೇರಿ ಕ್ರಾಸಿಗೆ."

"ಅಲ್ಲಿಂದ ಮುಂದ?"

"ಮುಂದ ಇಲ್ರಿ, ಅಲ್ಲೇ."

"ಅಲ್ಲೇ ಅಂದ್ರ? ಬಾದಾಮಿಗೆ ಹೋಗಾವ್ರೇನು?"

"ಇಲ್ರಿ. ಅಲ್ಲೇ ನಮ್ಮ ಮನಿ."

"ಕ್ರಾಸಿನ್ಯಾಗ ಮನಿ?!"

ನಾನೇನೋ ರೈಲ್ವೆ ಪ್ಲಾಟ್‌ಫಾರಂ ಮೇಲೆ ಸಂಸಾರ ಹೂಡಿದ್ದೀನಿ ಅನ್ನೋ ಹಾಗಿತ್ತು ಅವರು ಕೇಳಿದ ಧಾಟಿ. ತಪ್ಪು ಅವರದಲ್ಲ ಬಿಡಿ. ಕ್ರಾಸ್ ಅಂದರೆ ಇಳಿಯೋ ಜಾಗ, ಇರೋ ಜಾಗ ಅಲ್ಲ ಅಂತ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ಆದರೆ ಇಳಿದವರಿಗೆ ಚಹಾ ಕೊಡೋರು, ಪಂಕ್ಚರ್ ಹಾಕೋರು, ದಾರಿ ಹೇಳೋರು ರಾತ್ರಿ ಎಲ್ಲಿ ಮಲಗ್ತಾರೆ ಅಂತ ಯಾರಿಗೂ ಯೋಚನೆ ಬಂದ ಹಾಗಿಲ್ಲ.

ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಇನ್ನೂ ಮಜಾ. ಬಾಡಿಗೆ ಮನೆ ಓನರ್ ಆಂಟಿ "ಸ್ವಂತ ಊರು ಯಾವುದಪ್ಪಾ?" ಅಂದರು. ಕುಳಗೇರಿ ಕ್ರಾಸ್ ಅಂದೆ. "ಹೌದಾ? ಅದು ಯಾವ ಮೇನ್‌ನಲ್ಲಿ ಬರುತ್ತೆ?" ಆಗ ಉತ್ತರ ಹೊಳೀಲಿಲ್ಲ. ಈಗ ಕೇಳಿದರೆ ಹೇಳ್ತೀನಿ: ಮೇನ್ ಒಂದೇ ಆಂಟಿ, ಆ ತುದಿಗೆ ಪಂಜಾಬಿನ ಸಂಗ್ರೂರು, ಈ ತುದಿಗೆ ಅಂಕೋಲಾ. ನಿಜವಾಗ್ಲೂ! ಮೊದಲು 218 ಅಂತಿದ್ದ ನಮ್ಮ ಹೆದ್ದಾರಿ ಈಗ 52 ಆಗಿದೆ. ಅದರ ಎರಡು ತುದಿ ಅವೇ.

ಬೆಂಗಳೂರಿನಲ್ಲಿ ಕ್ರಾಸ್ ಅಂದರೆ ಮನೆ ಹತ್ತಿರ ಬಂತು ಅಂತ. ನಮ್ಮಲ್ಲಿ ಕ್ರಾಸ್ ಅಂದರೆ ಊರಿಗೆ ಇನ್ನೂ ನಡೀಬೇಕು ಅಂತ. ಒಂದೇ ಶಬ್ದ, ಅರ್ಥ ಮಾತ್ರ ಉಲ್ಟಾ. ನಮ್ಮ ಈ ರಸ್ತೆಯಲ್ಲೇ ಕುಳಗೇರಿ ಕ್ರಾಸ್, ಗದ್ದನಕೇರಿ ಕ್ರಾಸ್, ಬೀಳಗಿ ಕ್ರಾಸ್ ಅಂತ ಸಾಲಾಗಿ ಕ್ರಾಸುಗಳಿವೆ. ಇದೇ ಚಿಕ್ಕಮಗಳೂರಿನ ಕಡೆ ಹೋದರೆ ಕೈಮರ. ಮೂಡಿಗೆರೆ, ಎಚ್.ಡಿ. ಕೋಟೆ ಕಡೆ ಹ್ಯಾಂಡ್‌ಪೋಸ್ಟ್. ದಾರಿ ತೋರಿಸೋ ಕೈಕಂಬ ಹೋದರೂ ಹೆಸರು ಗಟ್ಟಿಯಾಗಿ ಉಳಿದುಬಿಡುತ್ತೆ. ತಿಪಟೂರು ತಾಲೂಕಿನ ಕಿಬ್ಬನಹಳ್ಳಿ ಕ್ರಾಸಿನ ಕಥೆ ಕೇಳಿದರೆ ಪಾಪ ಅನಿಸುತ್ತೆ. ಅದು ಎಲ್ಲರ ಬಾಯಲ್ಲಿ ಕೆ.ಬಿ.ಕ್ರಾಸ್ ಆಗಿ, ಹಳ್ಳಿಯ ಹೆಸರಿಗೆ ಎರಡೇ ಇನಿಶಿಯಲ್ಲು, ಕ್ರಾಸಿಗೆ ಮಾತ್ರ ಪೂರ್ತಿ ಮರ್ಯಾದೆ!

2014ರ ನವೆಂಬರ್ 1ಕ್ಕೆ ಹುಬ್ಳಿ ಹುಬ್ಬಳ್ಳಿ ಆಯ್ತು, ಬಿಜಾಪುರ ವಿಜಯಪುರ ಆಯ್ತು, ಬೆಳಗಾಂ ಬೆಳಗಾವಿ ಆಯ್ತು. ನಮ್ಮ 'ಕ್ರಾಸ್' ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದಿದ್ದರೆ 'ಕುಳಗೇರಿ ಅಡ್ಡರಸ್ತೆ' ಅಂತ ಆಗಿ, ಕಂಡಕ್ಟರು "ಅಡ್ಡ ಯಾರ್ರೀ ಅಡ್ಡ, ಇಳೀರಿ ಲಗೂನ" ಅಂತ ಕೂಗ್ತಿದ್ದ. ಬೀಳದ್ದೇ ಒಳ್ಳೇದಾಯ್ತು.

ಲಂಡನ್ನಿನವರು ನಮ್ಮಷ್ಟು ನಾಚಿಕೆ ಪಟ್ಟುಕೊಳ್ಳೋದಿಲ್ಲ. ಅಲ್ಲಿನ ಚೇರಿಂಗ್ ಕ್ರಾಸ್ ಇದೆಯಲ್ಲ, ಒಂದನೇ ಎಡ್ವರ್ಡ್ ರಾಜ ತೀರಿಹೋದ ತನ್ನ ರಾಣಿಯ ನೆನಪಿಗೆ ನಿಲ್ಲಿಸಿದ ಶಿಲುಬೆಯಿಂದ ಬಂದ ಹೆಸರು ಅದು. ಲಂಡನ್ನಿಗೆ ಇಷ್ಟು ಮೈಲಿ ಅಂತ ಲೆಕ್ಕ ಹಾಕೋದೇ ಅಲ್ಲಿಂದ. ನಮ್ಮ ಕ್ರಾಸಿಗೂ ಶಿಲುಬೆಗೂ ಏನೂ ಸಂಬಂಧವಿಲ್ಲ, ಕಡೇ ಬಸ್ ತಪ್ಪಿಸಿಕೊಂಡವರು ಹೊತ್ತು ನಿಲ್ಲೋ ಗಂಟುಮೂಟೆ ಬಿಟ್ಟರೆ.

ಕ್ರಾಸಿನಲ್ಲಿ ಹುಟ್ಟಿದವನ ಇನ್ನೊಂದು ಕರ್ಮ ಅಂದರೆ "ಬಾದಾಮಿ ಬಸ್ ಹೋತೇನ್ರಿ?" ಅನ್ನೋ ಪ್ರಶ್ನೆ. ಹಲ್ಲುಜ್ಜುತ್ತಿದ್ದರೂ ಕೇಳ್ತಾರೆ, ಕ್ಷೌರಕ್ಕೆ ಕೂತು ಮುಖದ ತುಂಬಾ ನೊರೆ ಇದ್ದರೂ ಕೇಳ್ತಾರೆ. ಉತ್ತರ ಎರಡೇ: "ಈಗ ಹೋತ್ ನೋಡ್ರಿ" ಮತ್ತು "ಬರೂ ಹೊತ್ತಾತು". ನನ್ನ ಮಗಳು ಅವ್ವ, ಅಪ್ಪ ಆದ ಮೇಲೆ ಮೂರನೆಯದಾಗಿ ಕಲಿತ ಮಾತು "ಈಗ ಹೋತು".

ನನ್ನ ಮದುವೆ ಹೊತ್ತಲ್ಲಿ ಇಳಕಲ್ ಕಡೆ ಹೆಣ್ಣು ನೋಡೋಕೆ ಹೋಗಿದ್ವಿ. ಹುಡುಗಿಯ ಸೋದರಮಾವ ಶುರುಮಾಡಿದರು. ಮೂಲ ಊರು ಯಾವುದು? ಹೊಲ ಎಷ್ಟು? ಊರ ಜಾತ್ರಿ ಯಾವಾಗ? ಅಪ್ಪ ಇನ್ನೂರು ಪುಟದ ನೋಟ್‌ಬುಕ್ಕಿನಷ್ಟು ಅಗಲದ ಕಿರಾಣಿ ಅಂಗಡಿ ಇಟ್ಟಿದ್ದ ಮನುಷ್ಯ. "ಹೊಲ ಇಲ್ರಿ, ಅಂಗಡಿ ಐತಿ. ಜಾತ್ರಿ ಅಂದ್ರ ನಮ್ಮಲ್ಲಿ ದಿನಾ ಜಾತ್ರೀನ, ಬಸ್ಸ ತೇರು" ಅಂದ. ಯಾರೂ ನಗಲಿಲ್ಲ. ಅವಲಕ್ಕಿ ತಿಂದು ವಾಪಸ್ ಬಂದ್ವಿ. "ಊರಿಲ್ಲದವ್ರು" ಅಂದರಂತೆ ಅಂತ ಆಮೇಲೆ ಕಿವಿಗೆ ಬಿತ್ತು. ಆ ಮಾತು ಅಪ್ಪನಿಗೆ ಬಹಳ ದಿನ ಚುಚ್ಚುತ್ತಿತ್ತು. (ಕಡೆಗೆ ಹೆಣ್ಣು ಸಿಕ್ಕಿದ್ದು ಗದ್ದನಕೇರಿ ಕ್ರಾಸಿನಲ್ಲಿ. ಕ್ರಾಸಿಗೆ ಕ್ರಾಸೇ ಗತಿ :-) )

ಅದೇ ವರ್ಷ ಇರಬೇಕು, ಒಂದು ರಾತ್ರಿ ಮುದುಕ ಮುದುಕಿ ಇಬ್ಬರು ಅಂಗಡಿ ಕಟ್ಟೆ ಹತ್ತಿರ ನಿಂತಿದ್ದರು. ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದವರು. ಅಜ್ಜನ ಒಂದು ಕಣ್ಣಿಗೆ ಹಸಿರು ಪಟ್ಟಿ, ಇನ್ನೊಂದು ಮೊದಲೇ ಮಂಜು. ಬಾದಾಮಿ ಬಸ್ ಆಗಲೇ ಹೋಗಿತ್ತು. ಅವ್ವ ರೊಟ್ಟಿ, ಪುಂಡಿಪಲ್ಯ ಕೊಟ್ಟು, ಪಡಸಾಲೆಯಲ್ಲಿ ಹಾಸಿಕೊಟ್ಟಳು. ಇದೇನು ದೊಡ್ಡ ಉಪಕಾರ ಅಲ್ಲ, ತಿಂಗಳಲ್ಲಿ ಎರಡು ಮೂರು ಸಲ ಹೀಗೆ ಯಾರಾದರೂ ಇರೋರೇ. ಬೆಳಿಗ್ಗೆ ಬಸ್ ಹತ್ತುವಾಗ ಅಜ್ಜ ಅಪ್ಪನ ಕೈ ಹಿಡಕೊಂಡು "ನಿಮ್ಮೂರು ಭಾಳ ಚೊಲೊ ಐತ್ರಿ" ಅಂದ.

ಅಪ್ಪ ಆ ಮಾತನ್ನು ಒಂದು ವಾರ ಬಂದ ಗಿರಾಕಿಗಳಿಗೆಲ್ಲ ಹೇಳಿದ. "ನಿಮ್ಮೂರು ಅಂದಾ ನೋಡ್ರಿ, ನಿಮ್ಮೂರು!" ಅವ್ವ ಒಳಗಿಂದ, "ಕಣ್ಣು ಕಾಣದಾಂವ ಅಂದಾನಲ್ಲ, ಅದಕ್ಕ ಖರೇ ಇರಬೇಕು ತಗೀರಿ" ಅಂದಳು.

ಮರುವರ್ಷ ಬನಶಂಕರಿ ಜಾತ್ರೆ ಹೊತ್ತಿಗೆ ಅಜ್ಜ ಮತ್ತೆ ಬಂದ. ಕನ್ನಡಕ ಹಾಕಿದ್ದ, ಬಗಲಲ್ಲಿ ಶೇಂಗಾ ಚೀಲ. ಚೀಲ ಕಟ್ಟೆ ಮೇಲಿಟ್ಟು, ಆ ಕಡೆ ನೋಡಿದ, ಈ ಕಡೆ ನೋಡಿದ, ರಸ್ತೆಯ ಎರಡೂ ಬದಿ ನೋಡಿದ. ಆಮೇಲೆ ಅಪ್ಪನ್ನ ಕೇಳಿದ, "ಊರು ಎಲ್ಲೈತ್ರಿ?"

"ಅದರಾಗ ನಿಂತೀರಿ" ಅಂದ ಅಪ್ಪ. ಚಹಾ ತರಿಸಿದ. ಅವತ್ತು ಇಬ್ಬರೂ ಒಂದು ಬಸ್ ಬಿಟ್ಟು ಇನ್ನೊಂದು ಬಸ್ ಬರೋವರೆಗೂ ಮಾತಾಡಿದರು. ಈಗ ಅಪ್ಪ ಇಲ್ಲ, ಅಂಗಡಿ ನಾನು ನೋಡ್ಕೋತೀನಿ. ಕಟ್ಟೆ ಹಾಗೇ ಇದೆ.

ಇದನ್ನೆಲ್ಲ ಬಸ್ಸಿನ ಹಿರಿಯರಿಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಕೊಣ್ಣೂರು ದಾಟಿ, ಕಂಡಕ್ಟರು "ಕ್ರಾಸ್ ಯಾರ್ರೀ ಕ್ರಾಸ್" ಅಂತ ಕೂಗಿದ. ಬರ್ತೀನ್ರಿ ಅಂದು ಇಳಿದೆ. ಬಸ್ಸು ಜನ ಹತ್ತಿಸಿಕೊಳ್ತಾ ಎರಡು ನಿಮಿಷ ನಿಂತಿತ್ತು. ರಸ್ತೆ ದಾಟಿ, ಚಪ್ಪಲಿ ಬಿಟ್ಟು, ನಾನು ಮನೆಯ ಚಿಲಕ ತೆಗೆಯೋವರೆಗೂ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡ್ತಾನೇ ಇದ್ದರು.