ವರದಿ ಓದದೆಯೇ ವಿರೋಧ



ಪಶ್ಚಿಮ ಘಟ್ಟ ಸಂರಕ್ಷಣೆಯ ಕಸ್ತೂರಿರಂಗನ್ ವರದಿಯ ಹೆಸರೆತ್ತಿದರೆ ಸಾಕು, ನಮ್ಮ ಮಲೆನಾಡಿನಲ್ಲಿ ಜಗಳ. ಮೊನ್ನೆ ಅಡಿಕೆ ಸುಲಿಯುವಾಗ ಪಕ್ಕದ ಮನೆಯವರು, ‘ತೋಟಕ್ಕೆ ಗೊಬ್ಬರವನ್ನೂ ಹಾಕಂಗಿಲ್ವಂತೆ, ಒಕ್ಕಲೆಬ್ಬಿಸ್ತಾರಂತೆ’ ಎಂದರು. ಎಲ್ಲಿ ಬರೆದಿದೆ ಎಂದೆ. ಉತ್ತರವಿಲ್ಲ, ಮೆಟ್ಟುಗತ್ತಿಯ ಸದ್ದು ಮಾತ್ರ ಜೋರಾಯಿತು.

ಆ ವರದಿ ಆಧರಿಸಿ ಕೇಂದ್ರ ಹೊರಡಿಸಿದ 2024ರ ಜುಲೈ ತಿಂಗಳ ಕರಡು ಅಧಿಸೂಚನೆ ತಡೆಯುವುದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರಿನಷ್ಟು ದೊಡ್ಡ ಕಟ್ಟಡ ಇಂಥವನ್ನು. ಎರಡೆಕರೆ ತೋಟದವನು ಇದರಲ್ಲಿ ಎಲ್ಲಿದ್ದಾನೆ? ಹಾಗಂತ ಜನರ ಭಯವನ್ನು ಗೇಲಿ ಮಾಡುವುದೂ ತಪ್ಪು. ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಲ್ಲಿ ಮನೆ, ಜಮೀನು ಮುಳುಗಿದವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿರುವಾಗ ಸರ್ಕಾರದ ಮಾತನ್ನು ಯಾರು ನಂಬುತ್ತಾರೆ?

ಆದರೆ ಗುಡ್ಡಗಳಿಗೆ ರಕ್ಷಣೆ ಬೇಕೆಂಬುದೂ ಸುಳ್ಳಲ್ಲ: ಅದೇ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು. ಆದರೂ ಕರಡು ಬಂದ ಎರಡೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನೇ ತಿರಸ್ಕರಿಸಿತು. ಖುಷಿಪಟ್ಟವರಲ್ಲಿ ಕ್ವಾರಿಯವರು ಎಷ್ಟು, ರೈತರು ಎಷ್ಟು ಎಂಬುದು ನನ್ನ ಅನುಮಾನ.

ಕರಡಿನ ಕನ್ನಡ ಪ್ರತಿ, ಸರ್ವೆ ನಂಬರ್ ಸಹಿತ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಬೈಯುವುದಿದ್ದರೆ ಓದಿಯೇ ಬೈಯೋಣ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು