ಹಳೇ ಡಬಲ್ ಕ್ಯಾಬ್ ಬದಲಿಗೆ ಯಾವುದು? ಕ್ಯಾತನಹಳ್ಳಿ ಕಡೆಯವರು ಷೋರೂಮಿಗೆ ಹೋಗೋ ಮುಂಚೆ ಹಾಕಬೇಕಾದ ಲೆಕ್ಕ

ಪಾಂಡವಪುರ: ಕ್ಯಾತನಹಳ್ಳಿ, ಚಿನಕುರಳಿ, ಮೇಲುಕೋಟೆ ಕಡೆ ಹತ್ತು-ಹದಿನೈದು ವರ್ಷದ ಹಿಂದೆ ಡಬಲ್ ಕ್ಯಾಬ್ ಪಿಕಪ್ ತಗೊಂಡವರಿಗೆಲ್ಲಾ ಈಗ ಒಂದೇ ಪ್ರಶ್ನೆ. ಗಾಡಿ ರಿಪೇರಿ ಮಾಡಿಸಿ ಇನ್ನೂ ಎರಡು ವರ್ಷ ಎಳೆಯೋದಾ, ಇಲ್ಲಾ ಕೊಟ್ಟು ಹೊಸದು ತಗೋಳೋದಾ? 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲಂತೂ ಈ ಮಾತು ಜಾಸ್ತಿ ಆಗಿದೆ. ರೇಟು ಇಳಿದಿರೋದು ನಿಜ. ಟೊಯೊಟಾ ಕಂಪನಿಯೇ ಹೈಲಕ್ಸ್ ಮೇಲೆ ಗರಿಷ್ಠ 2,52,700 ರೂಪಾಯಿ ಕಡಿಮೆ ಮಾಡೋದಾಗಿ ಆಗ ಹೇಳಿತ್ತು. ಆದರೆ ರೇಟು ಇಳೀತು ಅಂತ ಗಾಡಿ ತಗೊಳೋದು ಬೇರೆ, ಬೇಕು ಅಂತ ತಗೊಳೋದು ಬೇರೆ.

ಮೊದಲ ತೊಂದರೆ ಅಂದ್ರೆ ಹಳೇ ಗಾಡಿಗೆ ಸರಿಸಮಾನವಾದ ಹೊಸ ಗಾಡಿ ಮಾರ್ಕೆಟ್‌ನಲ್ಲಿ ಇಲ್ಲ. ಮಹೀಂದ್ರಾ ಸ್ಕಾರ್ಪಿಯೋ ಗೆಟ್‌ಅವೇ, ಟಾಟಾ ಕ್ಸೆನಾನ್ ಇವೆರಡೂ ಐದು ಜನ ಕೂರಿಸಿಕೊಂಡು, ಹಿಂದೆ ಮಾಲು ಹಾಕಿಕೊಂಡು, ಕೆಸರಲ್ಲೂ ಹೋಗ್ತಿದ್ದ ಗಾಡಿಗಳು. ರೇಟು ಕೂಡ ಕೈಗೆ ಎಟುಕೋ ಹಾಗಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಇವೆರಡೂ ಷೋರೂಮಲ್ಲಿ ಇಲ್ಲ. ಹಾಗಾಗಿ ಈಗ ಉಳಿದಿರೋದು ಎರಡು ದಾರಿ. ಒಂದು ದುಡಿಯೋ ಗಾಡಿ, ಇನ್ನೊಂದು ದುಬಾರಿ ಗಾಡಿ. ಮಧ್ಯದ್ದು ಮಾಯ.

ಸಿಗೋ ಗಾಡಿಗಳು ಯಾವ್ಯಾವು

ದುಡಿಯೋ ಸಾಲಿನಲ್ಲಿ ಮಹೀಂದ್ರಾ ಬೊಲೆರೊ ಕ್ಯಾಂಪರ್ ಇದೆ. 2.5 ಲೀಟರ್ ಡೀಸೆಲ್ ಎಂಜಿನ್, ಸುಮಾರು 75 ಎಚ್‌ಪಿ, 200 ಎನ್‌ಎಂ ಟಾರ್ಕ್, 1,000 ಕೆ.ಜಿ ಭಾರ ಹೊರುತ್ತೆ. ಇದರಲ್ಲಿ ಫೋರ್ ವೀಲ್ ಡ್ರೈವ್ ಮಾಡೆಲ್ಲೂ ಇದೆ. ರೇಟು 10 ಲಕ್ಷದ ಆಸುಪಾಸು. ಟಾಟಾ ಯೋಧ ಕ್ರ್ಯೂ ಕ್ಯಾಬ್‌ನದ್ದು 2.2 ಲೀಟರ್ ಎಂಜಿನ್, 100 ಎಚ್‌ಪಿ, 250 ಎನ್‌ಎಂ. ಇದರಲ್ಲೂ ಫೋರ್ ವೀಲ್ ಡ್ರೈವ್ ಬಂದಿದೆ. ಆದ್ರೆ ಎರಡೂ ಕಂಪನಿಯ ಡೀಲರ್‌ಗಳು ಫೋರ್ ವೀಲ್ ಗಾಡಿಯನ್ನ ಸ್ಟಾಕ್ ಇಟ್ಟುಕೊಳ್ಳೋದು ಅಪರೂಪ. ಬುಕ್ ಮಾಡಿದ ಮೇಲೆ ಎಷ್ಟು ದಿನಕ್ಕೆ ಕೊಡ್ತೀರಿ ಅಂತ ಬರವಣಿಗೆಯಲ್ಲಿ ಕೇಳಿ.

ದುಬಾರಿ ಸಾಲಿನಲ್ಲಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಮತ್ತು ಟೊಯೊಟಾ ಹೈಲಕ್ಸ್. ವಿ-ಕ್ರಾಸ್‌ಗೆ 1.9 ಲೀಟರ್ ಡೀಸೆಲ್ ಎಂಜಿನ್, 163 ಪಿಎಸ್, 360 ಎನ್‌ಎಂ. ಫೋರ್ ವೀಲ್ ಮಾಡೆಲ್ 25 ಲಕ್ಷದ ಆಸುಪಾಸಿನಿಂದ ಶುರು. ಇದೇ ಮೈಕಟ್ಟಿನ ಹೈ-ಲ್ಯಾಂಡರ್ ಅನ್ನೋ ಗಾಡಿ ಇನ್ನೂ ಕಮ್ಮಿಗೆ ಸಿಗುತ್ತೆ. ನೋಡೋಕೆ ಒಂದೇ ಥರ ಇದೆ ಅಂತ ಮೋಸ ಹೋಗಬೇಡಿ, ಅದು ಟೂ ವೀಲ್ ಡ್ರೈವ್. ಹೈಲಕ್ಸ್ 2022ರ ಜನವರಿಯಲ್ಲಿ ನಮ್ಮ ದೇಶಕ್ಕೆ ಬಂತು. ಫಾರ್ಚೂನರ್‌ನಲ್ಲಿರೋ ಅದೇ 2.8 ಲೀಟರ್ ಡೀಸೆಲ್ ಎಂಜಿನ್, 204 ಪಿಎಸ್, ಆಟೋಮ್ಯಾಟಿಕ್ ಆದ್ರೆ 500 ಎನ್‌ಎಂ. ರೇಟು 28 ಲಕ್ಷದ ಆಸುಪಾಸಿನಿಂದ ಮೇಲಕ್ಕೆ. ಗಾಡಿ ತಯಾರಾಗೋದು ನಮ್ಮ ಬಿಡದಿಯಲ್ಲೇ. ಇವೆಲ್ಲಾ ಎಕ್ಸ್ ಷೋರೂಮ್ ಲೆಕ್ಕ. ರೋಡ್ ಟ್ಯಾಕ್ಸು, ಇನ್ಶೂರೆನ್ಸು ಸೇರಿದರೆ ಇನ್ನೂ ಮೇಲೆ ಹೋಗುತ್ತೆ.

ಮಹೀಂದ್ರಾದವರು 2023ರ ಆಗಸ್ಟ್ 15ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಸ್ಕಾರ್ಪಿಯೋ-ಎನ್ ಆಧಾರದ ಪಿಕಪ್ ಮಾದರಿ ತೋರಿಸಿದ್ದರು. ಅದು ಬಂದರೆ ಮಧ್ಯದ ಜಾಗ ತುಂಬಬಹುದು. ಹಾಗಂತ ತೋರಿಸಿದ ಮಾದರಿಯನ್ನ ನಂಬಿಕೊಂಡು ಈ ಹಂಗಾಮಿನ ಕೆಲಸ ನಿಲ್ಲಿಸೋಕಾಗಲ್ಲ.

ಎಷ್ಟು ಭಾರ ಹಾಕ್ತೀರಿ?

ದುಬಾರಿ ಗಾಡಿ ಅಂದ್ರೆ ಜಾಸ್ತಿ ಭಾರ ಹೊರುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಉಲ್ಟಾ. ವಿ-ಕ್ರಾಸ್, ಹೈಲಕ್ಸ್ ಎರಡಕ್ಕೂ ಕಂಪನಿ ಕೊಟ್ಟಿರೋ ಭಾರದ ಮಿತಿ ಕ್ಯಾಂಪರ್‌ನ ಒಂದು ಟನ್‌ಗಿಂತ ಬಹಳ ಕಮ್ಮಿ. ಒಂದು ಟನ್ ಅಂದ್ರೆ 50 ಕೆ.ಜಿಯ 20 ಮೂಟೆ ಸಿಮೆಂಟು. ಹಾರ್ಡ್‌ವೇರ್ ಅಂಗಡಿ, ಗೊಬ್ಬರದ ಅಂಗಡಿ, ಬೂಸಾ-ಹಿಂಡಿ ವ್ಯಾಪಾರ, ಆಲೆಮನೆ ಇಟ್ಟಿರೋವ್ರು ಈ ಒಂದು ಲೆಕ್ಕದಲ್ಲೇ ಅರ್ಧ ತೀರ್ಮಾನ ಮಾಡಬಹುದು. ದಿನಾ ಮೂಟೆ ಹಾಕೋದಾದ್ರೆ ದುಬಾರಿ ಗಾಡಿ ನಿಮ್ಮದಲ್ಲ.

ಓವರ್‌ಲೋಡ್ ಮಾಡಿಕೊಂಡ್ರೆ ಆಯ್ತು ಅನ್ನೋರಿಗೆ ಒಂದು ಮಾತು. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚುವರಿ ಭಾರಕ್ಕೆ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ.

ಬಿಳಿ ಬೋರ್ಡಾ, ಹಳದಿ ಬೋರ್ಡಾ?

ಬಿಳಿ ಬೋರ್ಡಿಗೆ ನೋಂದಣಿ 15 ವರ್ಷ, ಮಧ್ಯೆ ಎಫ್‌ಸಿ ತಲೆನೋವಿಲ್ಲ. ಹಳದಿ ಬೋರ್ಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಾ ವರ್ಷಾ ಎಫ್‌ಸಿ. ಅದಕ್ಕೇ ಎಲ್ಲರಿಗೂ ಬಿಳಿ ಬೋರ್ಡೇ ಇಷ್ಟ. ಆದ್ರೆ ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೊಡೆದು ಎಲ್ಲಾದರೂ ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವರು ಕೇಳೋ ಮೊದಲ ಪ್ರಶ್ನೆಯೇ ಅದು. ಅಂಗಡಿ ಮಾಲು ದಿನಾ ಸಾಗಿಸೋರಿಗೆ ಹಳದಿಯೇ ಸೇಫು.

ಹಳದಿ ಬೋರ್ಡಿನ ಬಗ್ಗೆ ಇರೋ ಎರಡು ಭಯ ಈಗ ಬೇಡ. ಒಟ್ಟು ತೂಕ 3,000 ಕೆ.ಜಿ ಮೀರದ ಸರಕು ಗಾಡಿಗೆ ಕಾಯ್ದೆ ಪ್ರಕಾರ ಪರ್ಮಿಟ್ ಬೇಕಿಲ್ಲ. ಇನ್ನು ಲೈಸೆನ್ಸು: 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿವರೆಗಿನ ಸಾಗಣೆ ವಾಹನವನ್ನೂ ಓಡಿಸಬಹುದು. ಅಂದ್ರೆ ಮನೆ ಮಗನೇ ಓಡಿಸಬಹುದು.

ಟ್ಯಾಕ್ಸ್ ವಿಷಯ ಮಾತ್ರ ಉಷಾರು. ರಾಜ್ಯದಲ್ಲಿ ಖಾಸಗಿ ಕಾರಿಗೆ 20 ಲಕ್ಷ ಮೀರಿದರೆ ಜೀವಿತಾವಧಿ ತೆರಿಗೆ ಶೇ 18, ಮೇಲೆ ಸೆಸ್ ಬೇರೆ. ನೀವು ನೋಡಿರೋ ಗಾಡಿ ಆರ್‌ಟಿಓ ಪುಸ್ತಕದಲ್ಲಿ ಯಾವ ವರ್ಗಕ್ಕೆ ಬೀಳುತ್ತೆ, ಟ್ಯಾಕ್ಸ್ ಎಷ್ಟು ಅಂತ ಅಡ್ವಾನ್ಸ್ ಕೊಡೋ ಮುಂಚೆ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ಬೇಡ.

ಫೋರ್ ವೀಲ್ ನಿಜವಾಗ್ಲೂ ಬೇಕಾ?

ನಾಲೆ ಏರಿ ಮೇಲಿನ ಮಣ್ಣಿನ ದಾರಿ, ನೀರು ಬಿಟ್ಟಾಗ ಗದ್ದೆ ಬದಿಯ ಕೆಸರು, ಮೇಲುಕೋಟೆ ಬೆಟ್ಟದ ಮಗ್ಗುಲಿನ ತೋಟಗಳು. ಇಲ್ಲಿಗೆ ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಹೋಗೋರಿಗೆ ಫೋರ್ ವೀಲ್ ಬೇಕು. ಪಿಕಪ್ ಖಾಲಿ ಇದ್ದಾಗ ಹಿಂದಿನ ಚಕ್ರದ ಮೇಲೆ ತೂಕ ಇರಲ್ಲ, ಹಾಗಾಗಿ ಸ್ವಲ್ಪ ಕೆಸರಿಗೇ ಚಕ್ರ ಸುತ್ತುತ್ತೆ. ಆಗ ಮುಂದಿನ ಚಕ್ರವೂ ಎಳೆದರೆ ಗಾಡಿ ಈಚೆ ಬರುತ್ತೆ. ವರ್ಷಕ್ಕೆ ಎರಡು ಸಲ ಹೂತುಕೊಳ್ಳೋರಿಗೆ ಪಕ್ಕದ ಹೊಲದ ಟ್ರ್ಯಾಕ್ಟರೇ ಸಾಕು. ಒಳ್ಳೆ ಟೈರ್ ಹಾಕಿದ ಟೂ ವೀಲ್ ಗಾಡಿ, ಸವೆದ ಟೈರಿನ ಫೋರ್ ವೀಲ್ ಗಾಡಿಗಿಂತ ಎಷ್ಟೋ ಮೇಲು.

ಈ ಪಿಕಪ್‌ಗಳಲ್ಲಿರೋದು ಬೇಕಾದಾಗ ಹಾಕಿಕೊಳ್ಳೋ ಫೋರ್ ವೀಲ್. ಒಣ ಟಾರ್ ರೋಡಲ್ಲಿ ಹಾಕಿಕೊಂಡೇ ಓಡಿಸಿದರೆ ತಿರುವಿನಲ್ಲಿ ಗಾಡಿ ಬಿಗಿದುಕೊಳ್ಳುತ್ತೆ, ಗೇರ್ ಬಾಕ್ಸ್ ಸವೆಯುತ್ತೆ. ಮತ್ತೊಂದು, ಬಿಎಸ್-6 ಡೀಸೆಲ್ ಗಾಡಿಗಳ ಸೈಲೆನ್ಸರಲ್ಲಿ ಹೊಗೆ ಕಿಟ್ಟ ಹಿಡಿಯೋ ಫಿಲ್ಟರ್ ಇರುತ್ತೆ. ಬರೀ ಮನೆಯಿಂದ ಡೇರಿ, ಡೇರಿಯಿಂದ ಅಂಗಡಿ ಅಂತ ಎರಡು ಕಿಲೋಮೀಟರ್ ಓಡಿಸಿದರೆ ಅದು ಕಟ್ಟಿಕೊಳ್ಳುತ್ತೆ. ಆಗಾಗ ಹೈವೇನಲ್ಲಿ ಒಂದು ಅರ್ಧ ಗಂಟೆ ಓಡಬೇಕು.

ಹೈವೇ ಅಂದ್ಮೇಲೆ, 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಟ್ರ್ಯಾಕ್ಟರ್, ಆಟೋ, ಬೈಕ್ ಬಿಡ್ತಿಲ್ಲ. ಮೈಸೂರಿಗೋ ಬೆಂಗಳೂರಿಗೋ ತರಕಾರಿ, ಎಳನೀರು, ಬೆಲ್ಲ ಹಾಕೋರಿಗೆ ಪಿಕಪ್ ಅನ್ನೋದು ಷೋಕಿ ಅಲ್ಲ, ಅಗತ್ಯ.

ಜೀವದ ಲೆಕ್ಕ

ಡಬಲ್ ಕ್ಯಾಬಿನ ಅಸಲಿ ಬೆಲೆ ಇರೋದು ಹಿಂದಿನ ಸೀಟಿನಲ್ಲಿ. ಕೂಲಿಗೆ ಬರೋ ಹೆಣ್ಣುಮಕ್ಕಳನ್ನ ಹಿಂದೆ ಮೂಟೆ ಥರ ನಿಲ್ಲಿಸಿಕೊಂಡು ಹೋಗೋದು ನಮ್ಮ ಕಡೆ ಮಾಮೂಲಿ ಆಗಿಬಿಟ್ಟಿದೆ. ಅದು ಕಾನೂನಿಗೂ ತಪ್ಪು, ಏನಾದರೂ ಆದ್ರೆ ಪರಿಹಾರ ಮಾಲೀಕನ ತಲೆಗೇ ಬರಬಹುದು. ಸೀಟಲ್ಲಿ ಬೆಲ್ಟ್ ಹಾಕಿ ಕೂರಿಸೋಕೆ ಅಂತಲೇ ಈ ಗಾಡಿ ಇರೋದು.

2018ರ ನವೆಂಬರ್ 24ರಂದು ನಮ್ಮ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. 2023ರ ಜುಲೈನಲ್ಲೂ ಜಿಲ್ಲೆಯಲ್ಲಿ ಕಾರುಗಳು ಇದೇ ನಾಲೆಗೆ ಬಿದ್ದವು. ನಾಲೆ ಪಕ್ಕದ ರೋಡಲ್ಲಿ ದಿನಾ ಓಡಾಡೋ ನಮಗೆ ಗಾಡಿ ಜಾರದ ಹಾಗೆ ಹಿಡಿಯೋ ಸ್ಟೆಬಿಲಿಟಿ ಕಂಟ್ರೋಲ್, ಏರ್‌ಬ್ಯಾಗ್, ಹಿಂದಿನ ಸೀಟಿಗೂ ಮೂರು ಬೆಲ್ಟು ಇವು ಫೋರ್ ವೀಲ್‌ಗಿಂತ ಮುಂಚೆ ಕೇಳಬೇಕಾದ ವಿಷಯ. ಇವು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತೆ, ದುಬಾರಿ ಗಾಡಿಯಲ್ಲಿ ಜಾಸ್ತಿ ಇರುತ್ತೆ. ಆ ಗಾಡಿಗೆ ಕೊಡೋ ದುಡ್ಡಿನಲ್ಲಿ ನ್ಯಾಯವಾಗಿ ಸಲ್ಲೋದು ಈ ಭಾಗ.

ಕಬ್ಬಿನಲ್ಲಿ ಕಂತು ಎಷ್ಟಾಗುತ್ತೆ?

ಶೇ 10ರ ಬಡ್ಡಿ, ಐದು ವರ್ಷ ಅಂತ ಹಿಡಿದ್ರೆ ಒಂದು ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು 2,125 ರೂಪಾಯಿ. ಕ್ಯಾಂಪರ್‌ಗೆ 8 ಲಕ್ಷ ಸಾಲ ಮಾಡಿದ್ರೆ 17,000. ಹೈಲಕ್ಸ್‌ಗೋ ವಿ-ಕ್ರಾಸ್‌ಗೋ 22 ಲಕ್ಷ ಮಾಡಿದ್ರೆ 46,750.

2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ಎಫ್‌ಆರ್‌ಪಿ ಶೇ 10.25 ಇಳುವರಿಗೆ ಟನ್‌ಗೆ 3,550 ರೂಪಾಯಿ. ಆ ಲೆಕ್ಕದಲ್ಲಿ ಮೊದಲ ಗಾಡಿಯ ವರ್ಷದ ಕಂತಿಗೆ ಸುಮಾರು 58 ಟನ್ ಕಬ್ಬು, ಎರಡನೇದಕ್ಕೆ 158 ಟನ್. ಎಕರೆಗೆ 40 ಟನ್ ಅಂದ್ರೆ ಒಂದೂವರೆ ಎಕರೆ ಎಲ್ಲಿ, ನಾಲ್ಕು ಎಕರೆ ಎಲ್ಲಿ! ಅದೂ ಕಟಾವು, ಗೊಬ್ಬರದ ಖರ್ಚು ಕಳೆಯೋ ಮುಂಚೆ. ಕಬ್ಬಿನ ದುಡ್ಡು ಕೈಗೆ ಬರೋಕೆ ಎಷ್ಟು ದಿನ ಆಗುತ್ತೆ ಅಂತ ಕೆ.ಎಸ್. ಪುಟ್ಟಣ್ಣಯ್ಯನವರ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾರ್ಖಾನೆ ಬಿಲ್ಲು ತಡ ಆಗಬಹುದು, ಫೈನಾನ್ಸ್‌ನವರ ಕಂತು ತಡ ಆಗಲ್ಲ.

ಹಳೇ ಗಾಡಿ ಏನ್ ಮಾಡೋದು?

ಚಾಸಿಗೆ ತುಕ್ಕು ತಿಂದಿಲ್ಲ, ಎಂಜಿನ್ ಗಟ್ಟಿ ಇದೆ ಅಂದ್ರೆ ಉಳಿಸಿಕೊಳ್ಳೋದೂ ಒಂದು ತೀರ್ಮಾನವೇ. 15 ವರ್ಷ ಆದ ಬಿಳಿ ಬೋರ್ಡ್ ಗಾಡಿಗೆ ಮರು ನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. 20 ವರ್ಷ ದಾಟಿದ್ರೆ 2025ರ ಆಗಸ್ಟ್‌ನಿಂದ 10,000. ಹಸಿರು ತೆರಿಗೆ ಬೇರೆ. ಇಷ್ಟೆಲ್ಲಾ ಸೇರಿಸಿದರೂ ದುಬಾರಿ ಗಾಡಿಯ ಎರಡು ಕಂತಿಗೆ ಸಮ ಆಗೋದು ಕಷ್ಟ. ಚಾಸಿಯೇ ಹೋಗಿದ್ರೆ ಮಾತ್ರ ರಿಪೇರಿಗೆ ದುಡ್ಡು ಸುರಿಬೇಡಿ.

ಒಟ್ಟಾರೆ ಹೇಳೋದಾದ್ರೆ: ದಿನಾ ಮೂಟೆ, ಅಂಗಡಿ, ಆಲೆಮನೆ ಕೆಲಸ ಇದ್ರೆ ಕ್ಯಾಂಪರ್ ಅಥವಾ ಯೋಧ, ಅದೂ ಹಳದಿ ಬೋರ್ಡಲ್ಲಿ. ಮನೆಯವರ ಓಡಾಟ ಜಾಸ್ತಿ, ಭಾರ ಕಮ್ಮಿ, ಕಬ್ಬು ನಂಬದ ಬೇರೆ ಆದಾಯ ಇದೆ ಅಂದ್ರೆ ವಿ-ಕ್ರಾಸ್ ಇಲ್ಲಾ ಹೈಲಕ್ಸ್. ಇವೆರಡರ ಮಧ್ಯೆ ಸಿಕ್ಕಿಕೊಂಡವರು ಹಳೇ ಗಾಡಿಗೆ ನಾಲ್ಕು ಹೊಸ ಟೈರ್ ಹಾಕಿಸಿ, ಈ ಹಂಗಾಮಿನ ಬಿಲ್ಲು ಕೈಗೆ ಬರೋವರೆಗೆ ಕಾಯಿರಿ. ಗಾಡಿ ಷೋರೂಮಲ್ಲೇ ಇರುತ್ತೆ, ಎಲ್ಲೂ ಓಡಿ ಹೋಗಲ್ಲ.